ಹಾಳೆಯ ಮೇಲಿನ ಹೆಸರು ಯಾರು ಬರೆದದ್ದು?

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆಳೆತ್ತರವನ್ನೂ ಮೀರಿದ ಒಂದು ರೇಖಾಚಿತ್ರವಿದೆ. ಎತ್ತರ ಸುಮಾರು 2.32 ಮೀಟರ್, ಅಗಲ 1.65 ಮೀಟರ್. ಅಷ್ಟು ದೊಡ್ಡ ಕಾಗದ ಆ ಕಾಲದಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ 26 ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಅದರ ಮೇಲೆ ಕಪ್ಪು ಚಾಕ್‌ನಲ್ಲಿ ಬರೆದಿದ್ದಾನೆ ಮೈಕೆಲ್ಯಾಂಜೆಲೊ. ಕಾಲ 1550–53ರ ಆಸುಪಾಸು. ಆಗ ಅವನ ವಯಸ್ಸು ಎಪ್ಪತ್ತೈದು ದಾಟಿತ್ತು. ಚಿತ್ರದ ಹೆಸರು ‘ಎಪಿಫಾನಿಯಾ’.

ಈ ಬಗೆಯ ಚಿತ್ರಕ್ಕೆ ಕಾರ್ಟೂನ್ ಎನ್ನುತ್ತಾರೆ. ಪತ್ರಿಕೆಯ ವ್ಯಂಗ್ಯಚಿತ್ರಕ್ಕೂ ಇದಕ್ಕೂ ಸಂಬಂಧ ಇರುವುದು ಪದದಲ್ಲಿ ಮಾತ್ರ. ಇಟಾಲಿಯನ್ ಭಾಷೆಯ ‘ಕಾರ್ತೋನೆ’ ಎಂದರೆ ದೊಡ್ಡ ದಪ್ಪ ಕಾಗದ. ಗೋಡೆಗೋ ಹಲಗೆಗೋ ದಾಟಿಸಲು ಪೂರ್ಣ ಅಳತೆಯಲ್ಲಿ ಮಾಡಿಕೊಂಡ ಕರಡು. 1843ರಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆ ಪಾರ್ಲಿಮೆಂಟಿನ ಭಿತ್ತಿಚಿತ್ರಗಳಿಗೆಂದು ತಯಾರಾಗಿದ್ದ ಇಂಥ ಕರಡುಗಳನ್ನು ಗೇಲಿ ಮಾಡಿತು, ಪದ ಅಲ್ಲಿಂದ ಇನ್ನೊಂದು ಅರ್ಥಕ್ಕೆ ಜಾರಿತು. ಕೆಲಸ ಮುಗಿದ ಮೇಲೆ ಕಾರ್ಟೂನನ್ನು ಯಾರೂ ಜೋಪಾನ ಮಾಡುತ್ತಿರಲಿಲ್ಲ. ಗೋಡೆಗೆ ಒತ್ತಿ, ಸೂಜಿಯಲ್ಲಿ ಚುಚ್ಚಿ, ಕತ್ತರಿಸಿ ಬಳಸುವ ಸಾಮಾನು ಅದು. ಮೈಕೆಲ್ಯಾಂಜೆಲೊನ ಕಾರ್ಟೂನುಗಳಲ್ಲಿ ಇಡಿಯಾಗಿ ಉಳಿದದ್ದು ಇದೊಂದೇ. ವ್ಯಾಟಿಕನ್ನಿನ ಪೌಲಿನಾ ಚಾಪೆಲ್‌ಗೆ ಮಾಡಿದ್ದರ ತುಂಡೊಂದು ನೇಪಲ್ಸ್‌ನ ಕಾಪೋದಿಮೋಂತೆ ಮ್ಯೂಸಿಯಂನಲ್ಲಿದೆ.

ಈಗ ಚಿತ್ರದೊಳಗೆ ಯಾರಿದ್ದಾರೆ ನೋಡೋಣ. ನಡುವೆ ಮೇರಿ ಮಾತೆ ಕೂತಿದ್ದಾಳೆ, ಕಾಲುಗಳ ನಡುವೆ ಬಾಲಯೇಸು. ನಮ್ಮ ಬಲಕ್ಕೆ ಗಡ್ಡದ ಗಂಡಸು, ಬಹುಶಃ ಜೋಸೆಫ್. ಅವನ ಮುಂದೆ ಇನ್ನೊಂದು ಮಗು, ಸ್ನಾನಿಕ ಯೋಹಾನ. ಎಡಕ್ಕೆ ಮೇರಿಯೊಡನೆ ಮಾತಿಗೆ ತೊಡಗಿದಂತಿರುವ ಒಂದು ಆಕೃತಿ. ಹಿಂದೆ ಮಸುಕುಮಸುಕಾಗಿ ಇನ್ನಷ್ಟು ತಲೆಗಳು. ಮೇರಿ ಎಡಗಡೆಯವರತ್ತ ತಿರುಗಿದ್ದಾಳೆ, ಕೈಯಿಂದ ಮಾತ್ರ ಜೋಸೆಫನನ್ನು ಹಿಂದಕ್ಕೆ ತಳ್ಳುತ್ತಿದ್ದಾಳೆ. ಇಡೀ ಚಿತ್ರ ನಿಂತಿರುವುದು ಆ ತಳ್ಳುವ ಕೈಯ ಮೇಲೆ.

ಎಪಿಫಾನಿಯಾ ಎಂದರೆ ಜನವರಿ 6ರ ಹಬ್ಬ, ಮೂವರು ರಾಯರು ಕಾಣಿಕೆ ಹೊತ್ತು ಬಾಲಯೇಸುವಿನ ದರ್ಶನಕ್ಕೆ ಬಂದ ದಿನ. ಚಿತ್ರದಲ್ಲಿ ರಾಯರಿಲ್ಲ. ಕಿರೀಟವಿಲ್ಲ, ಚಿನ್ನ, ಧೂಪ, ರಕ್ತಬೋಳಗಳ ಪಾತ್ರೆಗಳಿಲ್ಲ, ನಕ್ಷತ್ರವಿಲ್ಲ, ಮಂಡಿಯೂರಿದವರೂ ಇಲ್ಲ. ಹಾಗಾದರೆ ಈ ಹೆಸರು ಎಲ್ಲಿಂದ ಬಂತು? ಕಲಾ ಇತಿಹಾಸಕಾರ ಅರ್ನ್ಸ್ಟ್ ಗೊಂಬ್ರಿಕ್ ಕೊಟ್ಟ ಉತ್ತರ ಹೀಗಿದೆ: ಅದು ಹಬ್ಬದ ಹೆಸರಲ್ಲ, ಸಂತ ಎಪಿಫೇನಿಯಸ್‌ನ ಹೆಸರು, ಯಾರೋ ತಪ್ಪಾಗಿ ಓದಿಕೊಂಡಿದ್ದಾರೆ. ಎಪಿಫೇನಿಯಸ್ 4ನೆಯ ಶತಮಾನದಲ್ಲಿ ಸೈಪ್ರಸ್‌ನ ಸಲಾಮಿಸ್‌ನಲ್ಲಿ ಬಿಷಪ್ ಆಗಿದ್ದವನು. ಸುವಾರ್ತೆಗಳಲ್ಲಿ ‘ಯೇಸುವಿನ ಸಹೋದರರು’ ಎಂಬ ಮಾತು ಬರುತ್ತದೆ. ಮೇರಿ ನಿತ್ಯಕನ್ಯೆ ಎಂದು ನಂಬುವವರು ಆ ಮಾತನ್ನು ಹೇಗೆ ವಿವರಿಸಬೇಕು? ಅವರು ಜೋಸೆಫನ ಮೊದಲ ಮದುವೆಯ ಮಕ್ಕಳು ಎನ್ನುತ್ತಾನೆ ಎಪಿಫೇನಿಯಸ್. ಸಂತ ಜೆರೋಮ್ ಇದನ್ನು ಒಪ್ಪದೆ, ಅವರು ದೊಡ್ಡಮ್ಮ-ಚಿಕ್ಕಮ್ಮನ ಮಕ್ಕಳ ಬಗೆಯ ನೆಂಟರು ಎಂದ. ಗೊಂಬ್ರಿಕ್‌ನ ಓದಿನಲ್ಲಿ ಹಿಂದಿನ ಮಸುಕು ಮುಖಗಳಿಗೂ ಆ ತಳ್ಳುವ ಕೈಗೂ ಒಟ್ಟಿಗೇ ಅರ್ಥ ಬರುತ್ತದೆ: ಜೋಸೆಫ್ ಗಂಡನೆಂಬುದು ಹೆಸರಿಗಷ್ಟೇ.

ನನಗೆ ಈ ಓದು ಹಿಡಿಸುತ್ತದೆ, ಯಾಕೆಂದರೆ ಅದು ಕೈಯಿಂದ ಶುರುವಾಗುತ್ತದೆ, ಹೆಸರಿನಿಂದಲ್ಲ. ಆದರೂ ಎಡಗಡೆಯ ಆಕೃತಿಗೆ ಒಮ್ಮತದ ಹೆಸರು ಇವತ್ತಿಗೂ ಸಿಕ್ಕಿಲ್ಲ. ಚಿತ್ರದ ಶೀರ್ಷಿಕೆಯನ್ನು ಮಾತ್ರ ಯಾರೂ ಬದಲಿಸಿಲ್ಲ. ತಪ್ಪು ಎಂದು ಹೆಚ್ಚಿನವರು ಒಪ್ಪಿದ ಮೇಲೂ ಹಳೆಯ ಹೆಸರು ಹಾಳೆಗೆ ಅಂಟಿಕೊಂಡೇ ಇದೆ.

ಇಲ್ಲಿ ಎರಡು ಪ್ರಶ್ನೆಗಳಿವೆ, ಅವನ್ನು ಬೇರೆಬೇರೆ ಇಟ್ಟುಕೊಳ್ಳಬೇಕು. ಚಿತ್ರದಲ್ಲಿರುವವರು ಯಾರು? ಚಿತ್ರ ಬರೆದವರು ಯಾರು? ಎಪಿಫಾನಿಯಾದಲ್ಲಿ ಎರಡನೆಯದಕ್ಕೆ ಗಟ್ಟಿ ಉತ್ತರವಿದೆ, ಮೊದಲನೆಯದಕ್ಕಿಲ್ಲ. ಬಹುಪಾಲು ಹಳೆಯ ಧಾರ್ಮಿಕ ರೇಖಾಚಿತ್ರಗಳಲ್ಲಿ ಎರಡಕ್ಕೂ ಇರುವುದಿಲ್ಲ. ಕಷ್ಟ ಶುರುವಾಗುವುದು ಒಂದರ ಊಹೆಯನ್ನು ಇನ್ನೊಂದಕ್ಕೆ ಸಾಕ್ಷಿ ಮಾಡಿಕೊಂಡಾಗ. ‘ಇದು ಇಂಥವರ ಕೈ, ಅವರು ಸಂತ ಜೆರೋಮ್‌ನ ಚಿತ್ರ ಬರೆದಿದ್ದರು, ಆದ್ದರಿಂದ ಈ ಮುದುಕ ಜೆರೋಮ್’ ಅನ್ನುವುದು. ನಾಲ್ಕು ದಿನ ಬಿಟ್ಟು ‘ಇದು ಜೆರೋಮ್, ಇಂಥವರು ಜೆರೋಮ್ ಬರೆದಿದ್ದರು, ಆದ್ದರಿಂದ ಇದು ಅವರದೇ’ ಅನ್ನುವುದು. ಸುತ್ತು ಮುಚ್ಚಿಕೊಂಡಿತು, ಒಳಗೆ ಏನೂ ಇಲ್ಲ.

ವಿಷಯ ಗುರುತಿಸಲು ಮೊದಲ ಆಧಾರ ಲಾಂಛನ. ಜೈನ ತೀರ್ಥಂಕರರ ಬಿಂಬಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪೀಠದ ಮೇಲಿನ ಗೂಳಿ, ಸಿಂಹ ಅಳಿಸಿಹೋದರೆ ಹೆಸರೂ ಹೋಯಿತು. ಕ್ರೈಸ್ತ ಸಂತರದ್ದೂ ಹಾಗೇ. ಬೀಗದ ಕೈ ಇದ್ದರೆ ಪೀಟರ್, ಮುರಿದ ಚಕ್ರ ಇದ್ದರೆ ಕ್ಯಾಥರೀನ್, ಸುಡುವ ಕಬ್ಬಿಣದ ಸರಳುಚೌಕಟ್ಟು ಇದ್ದರೆ ಲಾರೆನ್ಸ್, ಚರ್ಮ ಸುಲಿಯುವ ಚಾಕು ಇದ್ದರೆ ಬಾರ್ತಲೋಮಿಯೊ, ತಟ್ಟೆಯಲ್ಲಿ ಎರಡು ಕಣ್ಣಿದ್ದರೆ ಲೂಸಿ, ಸುಗಂಧದ ಭರಣಿ ಇದ್ದರೆ ಮಗ್ದಲದ ಮೇರಿ. ಪುಸ್ತಕ ಹಿಡಿದ ಗಡ್ಡದ ಮುದುಕ ಮಾತ್ರ ಯಾರು ಬೇಕಾದರೂ ಆಗಬಹುದು.

ರೇಖಾಚಿತ್ರದಲ್ಲಿ ಲಾಂಛನ ಕೈಕೊಡುವುದಕ್ಕೆ ಕಾರಣಗಳಿವೆ. ಕಲಾವಿದ ಮೊದಲು ಹುಡುಕುವುದು ಮೈಯ ಭಂಗಿಯನ್ನು. ಬೀಗದ ಕೈ, ಚಕ್ರಗಳನ್ನು ಸೇರಿಸುವುದು ಕೊನೆಯಲ್ಲಿ, ಹಲವು ಸಲ ವರ್ಣಚಿತ್ರದಲ್ಲೇ. ಇಟಲಿಯ ಕಾರ್ಯಾಗಾರಗಳಲ್ಲಿ ಕೆಲಸ ಕಲಿಯುವ ಹುಡುಗರನ್ನೇ ಕೂರಿಸಿ ಬರೆದುಕೊಳ್ಳುವ ರೂಢಿಯಿತ್ತು. ಬಿಗಿ ಷರಾಯಿಯ ಹುಡುಗನೊಬ್ಬ ಮಡಿಲಲ್ಲಿ ಮಗು ಇದ್ದಂತೆ ತೋಳು ಬಾಗಿಸಿ ಕೂತಿದ್ದರೆ, ಅವನು ಮೇರಿ ಮಾತೆಯ ಪೂರ್ವಸಿದ್ಧತೆ ಇರಬಹುದು. ಇನ್ನೊಂದು ಕಾರಣ ಕತ್ತರಿ. ಸಂಗ್ರಾಹಕರು ಹಾಳೆಗಳನ್ನು ತಮ್ಮ ಆಲ್ಬಂನ ಅಳತೆಗೆ ಕತ್ತರಿಸುತ್ತಿದ್ದರು, ಅಂಚಿನಲ್ಲಿದ್ದ ಸಿಂಹವೋ ಶಿಲುಬೆಯೋ ಕತ್ತರಿಸಿ ಹೋಗುತ್ತಿತ್ತು. ಆದ್ದರಿಂದ ಅಂಚಿನಲ್ಲಿ ಅರ್ಧಕ್ಕೆ ನಿಂತ ಗೆರೆಗಳನ್ನು ಭೂತಗನ್ನಡಿಯಲ್ಲಿ ಹುಡುಕಬೇಕು. ಕಾಲಿನ ಪಕ್ಕ ಒಂದು ತುಂಡು ಬಾಗುಗೆರೆ ಸಿಕ್ಕರೆ ಅದು ಚಕ್ರದ ಕೊನೆಯ ಕುರುಹು ಇರಬಹುದು.

ಲಾಂಛನ ಕಣ್ಣೆದುರು ಇದ್ದರೂ ಮೋಸ ಹೋಗುವುದುಂಟು. ಕತ್ತರಿಸಿದ ತಲೆ, ಪಕ್ಕದಲ್ಲೊಬ್ಬಳು ಹೆಂಗಸು. ಕತ್ತಿ ಹಿಡಿದಿದ್ದರೆ ಶತ್ರು ಸೇನಾಪತಿಯ ತಲೆ ಕಡಿದ ಜೂಡಿತ್, ತಲೆ ತಟ್ಟೆಯಲ್ಲಿದ್ದರೆ ಸ್ನಾನಿಕ ಯೋಹಾನನ ತಲೆ ಬೇಡಿ ಪಡೆದ ಸಲೋಮೆ. ಎರಡೂ ಇದ್ದರೆ? 17ನೆಯ ಶತಮಾನದ ಫ್ರಾಂಚೆಸ್ಕೊ ಮಾಫೆಯಿಯ ಚಿತ್ರವೊಂದರಲ್ಲಿ ಹೀಗೇ ಆಗಿದೆ. ಕಲಾ ಇತಿಹಾಸಕಾರ ಎರ್ವಿನ್ ಪನೋಫ್‌ಸ್ಕಿ 1939ರಲ್ಲಿ ಇದನ್ನು ಬಿಡಿಸಿದ ರೀತಿ ಇಂದಿಗೂ ಕಲಿಯುವಂಥದ್ದು. ಯಾವ ವಸ್ತು ಕಥೆ ದಾಟಿ ಹೋಗಬಲ್ಲದು ಎಂದು ಆತ ಕೇಳಿಕೊಂಡ. ಸಲೋಮೆಯ ಕೈಗೆ ಕತ್ತಿ ಕೊಟ್ಟ ಉದಾಹರಣೆ ಸಿಗಲಿಲ್ಲ. ಜೂಡಿತ್‌ಳ ಚಿತ್ರಗಳಿಗೆ ತಟ್ಟೆ ಬಂದಿರುವ ಉದಾಹರಣೆಗಳು ಜರ್ಮನಿಯಲ್ಲೂ ಉತ್ತರ ಇಟಲಿಯಲ್ಲೂ ಸಿಕ್ಕವು. ಹಾಗಾಗಿ ಆಕೆ ಜೂಡಿತ್. ಒಂದೇ ಲಾಂಛನ ನೋಡಿ ತೀರ್ಪು ಕೊಡದೆ, ಆ ಕಾಲ ಆ ಊರಿನ ಹತ್ತಾರು ಚಿತ್ರಗಳ ಪಕ್ಕ ಇಟ್ಟು ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಇನ್ನು ಲಾಂಛನವನ್ನು ಆಮೇಲೆ ಸೇರಿಸುವುದೂ ಉಂಟು. ಲೂವ್ರ್‌ನಲ್ಲಿ ಲಿಯೊನಾರ್ಡೊನ ಕಾರ್ಯಾಗಾರದ್ದೆಂದು ಹೇಳುವ ಒಂದು ವರ್ಣಚಿತ್ರವಿದೆ. ಮೊದಲು ಅದು ಅರಣ್ಯದಲ್ಲಿ ಕುಳಿತ ಸ್ನಾನಿಕ ಯೋಹಾನ. 17ನೆಯ ಶತಮಾನದ ಕೊನೆಯಲ್ಲಿ ಅವನಿಗೆ ದ್ರಾಕ್ಷಿ ಎಲೆಯ ಕಿರೀಟ, ಚಿರತೆ ಚರ್ಮ ಬಂದವು; ಶಿಲುಬೆಯ ಕೋಲು ಬೇರೆಯೇ ಕೋಲಾಯಿತು. ಅರಮನೆಯ ಪಟ್ಟಿಯಲ್ಲಿ ಸಂತ ಹೋಗಿ ಮದ್ಯದೇವತೆ ಬ್ಯಾಕಸ್ ಬಂದ.

ಈಗ ಎರಡನೆಯ ಪ್ರಶ್ನೆಗೆ ಬರೋಣ, ಬರೆದವರು ಯಾರು. ಶೈಲಿಯ ಮಾತು ಎತ್ತುವ ಮೊದಲು ಕಾಗದವನ್ನು ನೋಡಬೇಕು. ಹಾಳೆಯ ಹಿಂದೆ ಮಂದ ಬೆಳಕಿನ ತೆಳು ಎಲ್‌ಇಡಿ ಫಲಕ ಇಟ್ಟರೆ ಒತ್ತೊತ್ತಾದ ಸಣ್ಣ ಗೆರೆಗಳೂ ಅವುಗಳಿಗೆ ಅಡ್ಡವಾಗಿ ಸುಮಾರು 20ರಿಂದ 35 ಮಿಲಿಮೀಟರ್ ಅಂತರದಲ್ಲಿ ದೊಡ್ಡ ಗೆರೆಗಳೂ ಕಾಣುತ್ತವೆ. ಕಾಗದ ಎತ್ತುವ ಅಚ್ಚಿನ ತಂತಿಗಳ ಗುರುತು ಅವು. ಅವು ಇಲ್ಲದ, ಬಟ್ಟೆಯಂತೆ ಸಮನಾದ ಯುರೋಪಿನ ಕಾಗದ 1750ರ ದಶಕದಿಂದ ಈಚೆಯದು; ಇಂಗ್ಲೆಂಡಿನಲ್ಲಿ ಬಾಸ್ಕರ್‌ವಿಲ್ 1757ರಲ್ಲಿ ಅಂಥ ಕಾಗದವನ್ನು ಬಳಸಿ ಪುಸ್ತಕ ಮುದ್ರಿಸಿದ. ಅಂಥ ಹಾಳೆಯ ಮೇಲೆ 1520ರ ಚಿತ್ರವಿದ್ದರೆ ಅದು ನಕಲು, ವಾದ ಬೇಕಿಲ್ಲ.

ವಾಟರ್‌ಮಾರ್ಕ್ (ಬೆಳಕಿಗೆ ಹಿಡಿದರೆ ಕಾಗದದೊಳಗೆ ಕಾಣುವ ತಯಾರಕರ ಗುರುತು) ಸಿಕ್ಕರೆ ಅದರ ಫೋಟೋ ತೆಗೆಯುವಾಗ ಪಕ್ಕದಲ್ಲಿ ಮಿಲಿಮೀಟರ್ ಸ್ಕೇಲ್ ಇರಲೇಬೇಕು. ಅಕ್ಕಪಕ್ಕದ ತಂತಿಗೆರೆಗಳಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಬರೆದುಕೊಳ್ಳಬೇಕು. 1907ರಲ್ಲಿ ಹಳೆಯ ಕಾಗದಗಳ ತಜ್ಞ ಬ್ರಿಕೆ ಪ್ರಕಟಿಸಿದ ಸಂಗ್ರಹದಲ್ಲಿ 1600ರವರೆಗಿನ 16,000ಕ್ಕೂ ಹೆಚ್ಚು ಗುರುತುಗಳಿವೆ. ಬರಿಗಣ್ಣಿಗೆ ಒಂದೇ ಥರ ಕಾಣುವ ಎರಡು ಗುರುತುಗಳು ಅಳತೆಯಲ್ಲಿ ಬೇರೆಯಾಗುತ್ತವೆ. ಒಂದು ಕಾಗದದ ತೊಟ್ಟಿಯಲ್ಲಿ ಎರಡು ಅಚ್ಚುಗಳನ್ನು ಸರದಿಯಂತೆ ಬಳಸುತ್ತಿದ್ದುದರಿಂದ ಪ್ರತಿ ಗುರುತಿಗೂ ಒಂದು ಅವಳಿ ಇರುತ್ತದೆ, ಇದನ್ನು ಮರೆತು ‘ಹೊಂದುತ್ತಿಲ್ಲ’ ಎಂದು ಬಿಟ್ಟವರೂ ಇದ್ದಾರೆ. ಇಷ್ಟೆಲ್ಲ ಆದ ಮೇಲೂ ವಾಟರ್‌ಮಾರ್ಕ್ ಹೇಳುವುದು ಕಾಗದ ಹುಟ್ಟಿದ ಕಾಲವನ್ನು. ಚಿತ್ರ ಅದಕ್ಕಿಂತ ಮುಂಚಿನದಲ್ಲ ಎಂಬಷ್ಟು ಮಾತ್ರ ಖಚಿತ.

ಈ ಸಂದಿಯಲ್ಲೇ ನಕಲಿಗಾರರು ನುಸುಳಿದ್ದು. ಹಳೆಯ ಪುಸ್ತಕಗಳ ಖಾಲಿ ಹಾಳೆ ಕಿತ್ತು ಬಳಸಿದರೆ ಕಾಗದ ಅಪ್ಪಟ ಹಳೆಯದೇ. ಎರಿಕ್ ಹೆಬ್ಬೋರ್ನ್ ಹೀಗೆ ಹಳೆಯ ಕಾಗದದ ಮೇಲೆ ಬರೆದ ಚಿತ್ರಗಳು ದೊಡ್ಡ ದೊಡ್ಡ ಮ್ಯೂಸಿಯಂಗಳಿಗೆ ಹೋದವು. ಕೊನೆಗೆ ಅವನನ್ನು ಹಿಡಿದುಕೊಟ್ಟದ್ದೂ ಕಾಗದವೇ. 1978ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯ ಕೊನ್ರಾಡ್ ಒಬರ್‌ಹುಬರ್ ಎರಡು ಹಾಳೆಗಳನ್ನು ಹೋಲಿಸಿ ನೋಡಿದ. ಒಂದು ಸಾವೆಲ್ಲಿ ಸ್ಪೆರಾಂದಿಯೊನದೆಂದು ತನ್ನ ಗ್ಯಾಲರಿಯಲ್ಲಿದ್ದದ್ದು, ಇನ್ನೊಂದು ಫ್ರಾಂಚೆಸ್ಕೊ ದೆಲ್ ಕೊಸ್ಸನದೆಂದು ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದ್ದದ್ದು. ಬೇರೆ ಬೇರೆ ಕಲಾವಿದರು, ಕಾಗದ ಮಾತ್ರ ಒಂದೇ.

ಕಾಗದ ಪರವಾಗಿ ಸಾಕ್ಷಿ ಹೇಳಿದ್ದೂ ಇದೆ. 2016ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮನೆ ಸಾಮಾನಿನ ಮಾರಾಟವೊಂದರಲ್ಲಿ 30 ಡಾಲರ್‌ಗೆ ಹೋದ ರೇಖಾಚಿತ್ರ: ಹುಲ್ಲಿನ ಜಗಲಿಯ ಮೇಲೆ ಮೇರಿ ಮತ್ತು ಮಗು, ಕೆಳಗೆ ಜರ್ಮನ್ ಕಲಾವಿದ ಡ್ಯೂರರ್‌ನ ‘ಎ ಡಿ’ ಮುದ್ರಾಕ್ಷರ. ಆ ಅಕ್ಷರಗಳನ್ನು ಯಾರು ಬೇಕಾದರೂ ಬರೆಯಬಹುದು, ನೂರಾರು ಜನ ಬರೆದಿದ್ದಾರೆ ಕೂಡ. ತಜ್ಞರನ್ನು ತಿರುಗಿ ನೋಡುವಂತೆ ಮಾಡಿದ್ದು ಡ್ಯೂರರ್ ಮತ್ತೆ ಮತ್ತೆ ಬಳಸಿದ ತ್ರಿಶೂಲ-ಉಂಗುರದ ವಾಟರ್‌ಮಾರ್ಕ್, ಮತ್ತು ಅಕ್ಷರಗಳ ಮಸಿ ಚಿತ್ರದ ಮಸಿಯೇ ಎಂಬ ಪರೀಕ್ಷೆ.

ಮಸಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಆ ಕಾಲದ ಸಾಮಾನ್ಯ ಮಸಿ ಮಾಚಿಕಾಯಿ, ಅನ್ನಭೇದಿ, ಗೋಂದು, ನೀರು ಸೇರಿಸಿ ಮಾಡಿದ್ದು. ಬರೆದಾಗ ಕಪ್ಪು, ಕಾಲ ಹೋದಂತೆ ಕಂದು. ಅದರ ಆಮ್ಲವೂ ಉಳಿದ ಕಬ್ಬಿಣವೂ ಸೇರಿ ಕಾಗದವನ್ನು ತಿನ್ನುತ್ತವೆ. ದಪ್ಪ ಗೆರೆ ಇದ್ದಲ್ಲಿ ಮೊದಲು ಕಂದು ಬಣ್ಣ ಹಬ್ಬುತ್ತದೆ, ಆಮೇಲೆ ಬಿರುಕು, ಕೊನೆಗೆ ತೂತು. ಇನ್ನೊಂದು ಕಂದು ಬಣ್ಣ ಹೊಗೆಗೂಡಿನ ಇಲ್ಲಣದಿಂದ ಮಾಡಿದ್ದು; ಅದು ಕಾಗದ ತಿನ್ನುವುದಿಲ್ಲ. ಕಂದು ಕಂಡಲ್ಲೆಲ್ಲ ಸೆಪಿಯಾ ಎಂದು ಬರೆಯುವವರಿದ್ದಾರೆ. ಸೆಪಿಯಾ ಸಮುದ್ರದ ಕಟಲ್‌ಫಿಶ್ ಜೀವಿಯ ಮಸಿ, ಚಿತ್ರಕಾರರಲ್ಲಿ ಬಳಕೆ ಹೆಚ್ಚಿದ್ದು 18ನೆಯ ಶತಮಾನದ ಕೊನೆಗೆ. ಅತಿಗೆಂಪು ಕ್ಯಾಮೆರಾದಲ್ಲಿ ಮಾಚಿಕಾಯಿ ಮಸಿ ಮಾಯವಾಗುತ್ತಾ ಹೋಗುತ್ತದೆ, ಕಪ್ಪು ಚಾಕ್ ಮತ್ತು ಕಾಡಿಗೆಯ ಗೆರೆ ಹಾಗೇ ನಿಲ್ಲುತ್ತದೆ. ಹಾಗೆ ಮೇಲಿನ ಪದರ ಸರಿದಾಗ ಕೆಳಗೆ ಮೊದಲು ಹಾಕಿದ ಕರಡು ಗೆರೆ ಕಂಡರೆ ಬರೆದವನು ಹುಡುಕುತ್ತಿದ್ದ ಎಂದು ತಿಳಿಯುತ್ತದೆ.

ಬಿಳಿ ಬಣ್ಣವೂ ಮೋಸ ಮಾಡುತ್ತದೆ. ಬೆಳಕು ಬಿದ್ದ ಜಾಗಕ್ಕೆ ಸೀಸದ ಬಿಳಿ ಹಚ್ಚುತ್ತಿದ್ದರು. ಗಾಳಿಯಲ್ಲಿನ ಗಂಧಕದ ಅನಿಲ ತಾಗಿ ಅದು ಸೀಸದ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಆಗ ಹಣೆಯ ಮೇಲಿನ ಹೊಳಪು ಗಾಯದಂತೆ, ಮಂಡಿಯ ಹೊಳಪು ನೆರಳಿನಂತೆ ಕಾಣುತ್ತದೆ. ಸಂತನ ಮೈಮೇಲೆ ಗಾಯ ಕಂಡರೆ ವಿಷಯದ ಊಹೆಯೇ ದಾರಿ ತಪ್ಪುತ್ತದೆ. ಸಂರಕ್ಷಕರು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಅದನ್ನು ಬಿಳಿಯ ಸೀಸದ ಸಲ್ಫೇಟ್ ಆಗಿ ಮಾರ್ಪಡಿಸಬಲ್ಲರು. ಇದು ತರಬೇತಿ ಪಡೆದವರ ಕೆಲಸ, ಮನೆಯಲ್ಲಿ ಹತ್ತಿ ಅದ್ದಿ ಮಾಡುವುದಲ್ಲ.

ಕೆಂಪು ಚಾಕ್ ನಮ್ಮ ಕಾವಿಕಲ್ಲಿನ ಜಾತಿಯದೇ, ಕಬ್ಬಿಣದ ಆಕ್ಸೈಡ್ ಬೆರೆತ ಜೇಡಿಮಣ್ಣು. ಅದರಲ್ಲಿ ಒಂದು ಬಲೆ ಇದೆ. ಬಲಗೈಯವರ ನೆರಳುಗೆರೆಗಳು ಸಾಮಾನ್ಯವಾಗಿ ಮೇಲಿನ ಬಲದಿಂದ ಕೆಳಗಿನ ಎಡಕ್ಕೆ ಓರೆಯಾಗಿರುತ್ತವೆ. ಎಡಗೈಯವರದ್ದು ಅದರ ತಿರುಗುಮುರುಗು. ಲಿಯೊನಾರ್ಡೊ ಎಡಗೈಯವನು, ಆದ್ದರಿಂದ ಆ ಓರೆ ಕಂಡ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ. ಆದರೆ ಕೆಂಪು ಚಾಕ್ ಚಿತ್ರದ ಮೇಲೆ ಒದ್ದೆ ಕಾಗದ ಇಟ್ಟು ಒತ್ತಿದರೆ ತಿರುಗಿದ ಪ್ರತಿ ಬರುತ್ತದೆ, ಬಲಗೈಯವರ ಗೆರೆ ಎಡಗೈಯವರದ್ದಾಗಿ ಕಾಣುತ್ತದೆ. ಪತ್ತೆ ಹಚ್ಚಲು ಪಕ್ಕದಿಂದ ತಗ್ಗಾಗಿ ಬೆಳಕು ಹಾಯಿಸಬೇಕು. ಕೈಯಿಂದ ಬರೆದಿದ್ದರೆ ಗೆರೆಯ ತಳದಲ್ಲಿ ಒತ್ತಡದ ತೋಡು ಇರುತ್ತದೆ; ಒತ್ತಿ ತೆಗೆದ ಪ್ರತಿಯಲ್ಲಿ ಪುಡಿ ಕಾಗದದ ಉಬ್ಬುಗಳ ಮೇಲೆ ಮಾತ್ರ ಮಂಕಾಗಿ ಕೂತಿರುತ್ತದೆ. ಚಿತ್ರದಲ್ಲಿ ಎಲ್ಲರೂ ಎಡಗೈಯಲ್ಲಿ ಆಶೀರ್ವಾದ ಮಾಡುತ್ತಿದ್ದರೆ ಅದೂ ಒಂದು ಸುಳಿವೇ.

ನಕಲನ್ನು ಗುರುತಿಸುವ ಬಗೆ ಶಬ್ದದಲ್ಲಿ ಹೇಳುವುದು ಸುಲಭ, ಕಣ್ಣಿಗೆ ಬರುವುದು ಕಷ್ಟ. ಮೂಲದವನು ತೋಳನ್ನು ಎರಡು ಮೂರು ಕಡೆ ಇಟ್ಟು ನೋಡುತ್ತಾನೆ. ನಕಲು ಮಾಡುವವನು ಕೊನೆಯ ತೋಳನ್ನಷ್ಟೇ ಎತ್ತಿಕೊಳ್ಳುತ್ತಾನೆ. ಮೂಲದವನ ಗೆರೆ ಬೇಕಾದಲ್ಲಿ ಓಡಿ ಬೇಡವಾದಲ್ಲಿ ನಿಲ್ಲುತ್ತದೆ. ನಕಲಿನದ್ದು ಎಲ್ಲೆಡೆ ಒಂದೇ ವೇಗ, ಒಂದೇ ದಪ್ಪ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅರ್ಥವಾಗದೆ ನಕಲಿಸಿದ ಜಾಗ: ಮೂಲದಲ್ಲಿ ಬಟ್ಟೆಯ ಮಡಿಕೆಯಾಗಿದ್ದದ್ದು ನಕಲಿನಲ್ಲಿ ಯಾರಿಗೂ ಸೇರದ ಬೆರಳಾಗಿರುತ್ತದೆ. ಕಿವಿ, ಉಗುರುಗಳಂಥ ಸಣ್ಣ ಭಾಗಗಳನ್ನು ಹೋಲಿಸುವ ಜೊವಾನ್ನಿ ಮೊರೆಲ್ಲಿಯ ವಿಧಾನ 19ನೆಯ ಶತಮಾನದಲ್ಲಿ ಬಹಳ ಹೆಸರು ಮಾಡಿತು. ಉಪಯೋಗವಿದೆ, ಆದರೆ ಶಿಷ್ಯರು ಗುರುವಿನ ಕಿವಿಯನ್ನೂ ಕಲಿಯುತ್ತಾರೆ. ಒಂದೇ ಹಾಳೆಯಲ್ಲಿ ಎರಡು ಕೈ ಇರುವುದೂ ಅಪರೂಪವಲ್ಲ. ತಾನು ಕೊಂಡ ಬೇರೆಯವರ ರೇಖಾಚಿತ್ರಗಳನ್ನು ರೂಬೆನ್ಸ್ ಕುಂಚ ಹಿಡಿದು ತಿದ್ದುತ್ತಿದ್ದ.

ಕೊನೆಗೆ ಹಾಳೆಯ ಮೇಲೆ ಬರೆದಿರುವ ಹೆಸರು. ಎಲ್ಲರೂ ಮೊದಲು ಓದುವುದು ಅದನ್ನೇ, ನಾನಾದರೆ ಕೊನೆಗೆ ಓದು ಎನ್ನುತ್ತೇನೆ. ಕೆಳಗಿನ ಮೂಲೆಯಲ್ಲಿ ‘ರಾಫೇಲ್’ ಎಂದಿದ್ದರೆ ಅದು ಬಹುಮಟ್ಟಿಗೆ ಸಹಿಯಲ್ಲ, ನೂರಿನ್ನೂರು ವರ್ಷ ಬಿಟ್ಟು ಬಂದ ಮಾಲೀಕನ ಅಭಿಪ್ರಾಯ. ಪಾದ್ರಿ ಸೆಬಾಸ್ತಿಯಾನೊ ರೆಸ್ತಾ (1635–1714) ಸಾವಿರಾರು ರೇಖಾಚಿತ್ರಗಳನ್ನು ಕೂಡಿಸಿ ಒಂದೊಂದಕ್ಕೂ ಹೆಸರು, ಟಿಪ್ಪಣಿ ಬರೆದ. ದೊಡ್ಡ ಹೆಸರು ಕೊಡುವುದರಲ್ಲಿ ಅವನ ಕೈ ಬಹಳ ಧಾರಾಳ. ಅವನ ಪ್ರೀತಿ ನಿಜ, ತೀರ್ಪು ಎಷ್ಟೋ ಕಡೆ ತಪ್ಪು. ಸಂಗ್ರಾಹಕರ ಮುದ್ರೆಗಳು ಇದಕ್ಕಿಂತ ನಂಬಿಕೆಗೆ ಅರ್ಹ. ಸರ್ ಪೀಟರ್ ಲೀಲಿಯ ‘ಪಿ ಎಲ್’ ಮುದ್ರೆಯಂಥವುಗಳನ್ನು ಫ್ರಿಟ್ಸ್ ಲುಗ್ಟ್ 1921ರಲ್ಲಿ ಪುಸ್ತಕವಾಗಿ ಪಟ್ಟಿ ಮಾಡಿದ. ಲೀಲಿ ಸತ್ತದ್ದು 1680ರಲ್ಲಿ, ಆ ಮುದ್ರೆ ಒತ್ತಿದ್ದು ಅವನ ಆಸ್ತಿ ನೋಡಿಕೊಂಡವರು. ಮುದ್ರೆ ಅಸಲಿಯಾದರೆ ಹಾಳೆ ಆ ಹೊತ್ತಿಗಾಗಲೇ ಇತ್ತು ಎಂದಾಯಿತು, ಅಷ್ಟೇ. ಯಾರು ಬರೆದದ್ದು ಎಂದು ಅದು ಹೇಳುವುದಿಲ್ಲ.

ಹರಾಜಿನ ಕ್ಯಾಟಲಾಗಿನ ಮಾತುಗಳನ್ನೂ ಹೀಗೇ ಎಚ್ಚರದಿಂದ ಓದಬೇಕು. ಬರೀ ಹೆಸರಿದ್ದರೆ ಅವರದೇ ಎಂಬ ಅಭಿಪ್ರಾಯ. ‘ಅವರದೆನ್ನಲಾದ’ ಎಂದರೆ ಬಹುಶಃ. ‘ಕಾರ್ಯಾಗಾರದ’ ಎಂದರೆ ಅವರ ಕಣ್ಣೆದುರು ಬೇರೆ ಕೈ. ‘ವಲಯದ’ ಎಂದರೆ ಆ ಕಾಲದ, ಹತ್ತಿರದ, ಹೆಸರು ತಿಳಿಯದ ಕೈ. ‘ಅನುಯಾಯಿ’ ಶಿಷ್ಯನೇ ಆಗಬೇಕಿಲ್ಲ. ‘ಶೈಲಿಯ’ ಎಂದರೆ ಬಹಳ ಆಮೇಲಿನದೂ ಇರಬಹುದು. ‘ಅನುಸರಿಸಿ’ ಎಂದರೆ ನಕಲು. ಬೆಲೆ ಮಾತ್ರ ಮೆಟ್ಟಿಲಿಂದ ಮೆಟ್ಟಿಲಿಗೆ ಹತ್ತುಪಟ್ಟೂ ಇಳಿಯಬಹುದು, ಆದ್ದರಿಂದ ಮಾರುವವರಿಗೆ ಮೇಲಿನ ಮೆಟ್ಟಿಲೇ ಹಿತ.

ಯಾರದೇ ಕೈಗೆ ಇಂಥ ಹಾಳೆ ಬಂದರೆ ಮಾಡಬಾರದ್ದು ಮೂರಿವೆ. ಹಿಂಬದಿ ನೋಡುವ ಆಸೆಗೆ ಹಳೆಯ ರಟ್ಟಿನಿಂದ ಬಿಡಿಸಬಾರದು. ರಟ್ಟಿನ ಮೇಲಿನ ಗೆರೆ, ಅಂಕಿ, ಕೈಬರಹಗಳೇ ಅರ್ಧ ಚರಿತ್ರೆ. ಹರಿದ ಕಡೆ ಸೆಲೋಟೇಪ್ ಹಚ್ಚಬಾರದು. ಅಂಟು ಕಾಗದದೊಳಕ್ಕೆ ಇಳಿದು ಹಳದಿಯಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಗಾಜಿಗೆ ತಾಗುವಂತೆ ಫ್ರೇಮ್ ಹಾಕಿಸಬಾರದು. ಚಾಕ್ ಗಾಜಿಗೆ ಮೆತ್ತಿಕೊಳ್ಳುತ್ತದೆ. ಆಮ್ಲವಿಲ್ಲದ ರಟ್ಟು, ಜಪಾನಿ ಕಾಗದದ ತುಂಡು, ಗೋಧಿ ಪಿಷ್ಟದ ಅಂಟು, ನೋಡುವಾಗ 50 ಲಕ್ಸ್ ಮೀರದ ಬೆಳಕು, ಇಷ್ಟು ಸಾಕು.

ಎಪಿಫಾನಿಯಾ ಇಷ್ಟು ಜೋಪಾನ ಕಂಡದ್ದು ತಡವಾಗಿ. ಚಿತ್ರಕಾರ ಥಾಮಸ್ ಲಾರೆನ್ಸ್‌ನ ಸಂಗ್ರಹ ಸೇರಿ, ವ್ಯಾಪಾರಿ ವುಡ್‌ಬರ್ನ್‌ನ ಕೈ ದಾಟಿ, 1860ರ ಹರಾಜಿನಲ್ಲಿ ಜಾನ್ ಮಾಲ್ಕಮ್‌ಗೆ ಹನ್ನೊಂದು ಪೌಂಡು ಚಿಲ್ಲರೆಗೆ ಸಿಕ್ಕಿತು. ಆ ಮನೆತನದಿಂದ 1890ರ ದಶಕದಲ್ಲಿ ಮ್ಯೂಸಿಯಂಗೆ ಬಂತು. ಈಚೆಗೆ ವರ್ಷಗಟ್ಟಲೆ ಸಂರಕ್ಷಣೆಯ ಕೆಲಸ ನಡೆದು, 2024ರಲ್ಲಿ ಮೈಕೆಲ್ಯಾಂಜೆಲೊನ ಕೊನೆಯ ದಶಕಗಳ ಪ್ರದರ್ಶನದಲ್ಲಿ ಜನ ನೋಡಿದರು.

ಈ ಕಾರ್ಟೂನಿನಿಂದ ಹಲಗೆಯ ಮೇಲೆ ವರ್ಣಚಿತ್ರ ಮಾಡಲು ಹೊರಟವನು ಆಸ್ಕಾನಿಯೊ ಕೊಂದಿವಿ, 1553ರಲ್ಲಿ ಮೈಕೆಲ್ಯಾಂಜೆಲೊನ ಜೀವನಚರಿತ್ರೆ ಬರೆದವನು. ಪಟ್ಟ ಶ್ರಮಕ್ಕೆ ಫಲ ಬರಲಿಲ್ಲ, ವರ್ಷಗಳ ಕಾಲ ಗುದ್ದಾಡಿದ ಎಂದು ಆ ಕಾಲದ ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳಿದ್ದಾನೆ. ಆ ಹಲಗೆ ಈಗ ಫ್ಲಾರೆನ್ಸಿನ ಕಾಸಾ ಬೊನಾರೊತಿ ಮ್ಯೂಸಿಯಂನಲ್ಲಿದೆ, ಮುಗಿಯದೆಯೇ. ಕಾರ್ಟೂನಿನ ಮೇಲೆ ಮೈಕೆಲ್ಯಾಂಜೆಲೊ ಅಳಿಸಿ, ಸರಿಸಿ, ಮತ್ತೆ ಬರೆದ ಗೆರೆಗಳು ಒಂದರ ಮೇಲೊಂದು ಹಾಗೇ ಕಾಣುತ್ತವೆ. ಬಣ್ಣ ಹಚ್ಚುವವನು ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು.